ರೊಟ್ಟಿ ಬಡಿಯೋಕೆ ಎಷ್ಟು ಹೊತ್ತಾಗುತ್ತೆ ಅಂತ ಕೇಳಿ

(ಯಾದಗಿರಿ ಜಿಲ್ಲೆಯ ಒಬ್ಬ ಯುವ ವೈದ್ಯಾಧಿಕಾರಿಯ ಪತ್ರಕ್ಕೆ ಸಂಪಾದಕರ ಉತ್ತರ. ಹೆಸರು, ಊರು ಹಾಕಬೇಡಿ ಎಂದು ಅವರು ಕೇಳಿಕೊಂಡಿದ್ದಾರೆ.)

ಡಾಕ್ಟರೇ, ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಓದುಗರಿಗೂ ಗೊತ್ತಾಗಲಿ ಅಂತ ಅದರ ಮುಖ್ಯ ಮಾತು ಇಲ್ಲಿ ಹಾಕುತ್ತಿದ್ದೇನೆ: "ಕೀಲುರೋಗದ ವಿಶೇಷ ಸಂಚಿಕೆಯಲ್ಲಿ ಬಯಾಲಜಿಕ್, ಜಾಕ್ ಇನ್ಹಿಬಿಟರ್, ಕಾರ್-ಟಿ ಎಲ್ಲಾ ಓದಿದೆ. ಆಮೇಲೆ ಓಪಿಡಿಗೆ ಹೋದೆ. ಅಲ್ಲಿ ನನ್ನ ಹತ್ತಿರ ಇರೋದು ಡೈಕ್ಲೋಫೆನಾಕ್, ಪ್ರೆಡ್ನಿಸೊಲೋನ್ ಮತ್ತು ಆರ್‌ಎ ಫ್ಯಾಕ್ಟರ್. ರುಮಟಾಲಜಿಸ್ಟ್ ಬೇಕಂದ್ರೆ ಹೈದರಾಬಾದ್. ಈ ಪ್ರಗತಿಯಲ್ಲಿ ನಮ್ಮಂಥವರಿಗೆ ಪಾಲಿಲ್ಲ." (ಬಯಾಲಜಿಕ್, ಜಾಕ್ ಇನ್ಹಿಬಿಟರ್ ಅಂದರೆ ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸಿ ಬಾವು ಇಳಿಸುವ ಹೊಸ ಔಷಧಿಗಳು. ಕಾರ್-ಟಿ ಅಂದರೆ ರೋಗಿಯದೇ ರಕ್ಷಣಾ ಕಣಗಳನ್ನು ಮಾರ್ಪಡಿಸಿ ಕೊಡುವ ಚಿಕಿತ್ಸೆ. ಆರ್‌ಎ ಫ್ಯಾಕ್ಟರ್ ಒಂದು ರಕ್ತಪರೀಕ್ಷೆ, ರುಮಟಾಲಜಿಸ್ಟ್ ಅಂದರೆ ಕೀಲುರೋಗ ತಜ್ಞ.) ಜೊತೆಗೆ ಇಬ್ಬರು ರೋಗಿಗಳ ಬಗ್ಗೆ ಕೇಳಿದ್ದೀರಿ. ಚಿಕುನ್‌ಗುನ್ಯಾ ಆದ ಮೇಲೆ ಐದು ತಿಂಗಳಾದರೂ ಕೈ ಬಾವು ಇಳಿಯದ 38 ವರ್ಷದ ಹೆಣ್ಣುಮಗಳು ಒಬ್ಬರು. ಸೊಂಟನೋವಿನ ಕುರಿಗಾಹಿ ಇನ್ನೊಬ್ಬರು.

ನಿಮ್ಮ ಸಿಟ್ಟು ನ್ಯಾಯವಾದದ್ದು. ಹೊಸ ಔಷಧಿಗಳಿಗೆ ಪುಟಗಟ್ಟಲೆ ಜಾಗ ಕೊಟ್ಟೆವು, ಕೀಲುಬಾವಿನ ಹಳೆಯ ಗುಳಿಗೆ ಮೆಥೊಟ್ರೆಕ್ಸೇಟ್‌ಗೆ ಒಂದೇ ಪ್ಯಾರಾ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಆದರೆ "ಪಾಲಿಲ್ಲ" ಅನ್ನೋ ಮಾತು ಮಾತ್ರ ಒಪ್ಪಲ್ಲ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಬಿದ್ದು ಬಾವು ತರುವ ರೋಗ) ಕಳೆದ ಮೂರು ದಶಕಗಳಲ್ಲಿ ಅತಿ ಹೆಚ್ಚು ಕೈಗಳನ್ನು ಉಳಿಸಿದ್ದು ದುಬಾರಿ ಸೂಜಿಯಲ್ಲ. ಬೇಗ ಶುರು ಮಾಡೋದು, ತಿಂಗಳು ತಿಂಗಳು ಕೀಲು ಮುಟ್ಟಿ ನೋಡೋದು, ಬಾವು ಹೋಗುವ ತನಕ ಡೋಸ್ ಏರಿಸೋದು. ಇಷ್ಟೇ. ಮೊದಲ ಮೂರರಿಂದ ಆರು ತಿಂಗಳಲ್ಲಿ ಚಿಕಿತ್ಸೆ ಸಿಕ್ಕವರಿಗೂ ಎರಡು ವರ್ಷ ಬಿಟ್ಟು ಸಿಕ್ಕವರಿಗೂ ಅಜಗಜಾಂತರ. ಆ ಮೊದಲ ತಿಂಗಳುಗಳಲ್ಲಿ ರೋಗಿ ಹೈದರಾಬಾದಿನಲ್ಲಿ ಇರಲ್ಲ, ನಿಮ್ಮ ಓಪಿಡಿಯ ಸಾಲಿನಲ್ಲಿ ನಿಂತಿರುತ್ತಾರೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ದೊಡ್ಡವ್ವ ಸೇಡಂ ಹತ್ತಿರದ ಹಳ್ಳಿಯವರು. 1989ರ ಬೇಸಿಗೆ ರಜೆಗೆ ಅವರ ಮನೆಗೆ ಹೋಗಿದ್ದೆ. ನಾನಾಗ ಎಂಬಿಬಿಎಸ್ ವಿದ್ಯಾರ್ಥಿ. ಆಕೆ ಬಡಿದ ರೊಟ್ಟಿ ನಡುವೆ ತೆಳ್ಳಗೆ, ಅಂಚು ದಪ್ಪ. ಮೊದಲು ಹಾಗಿರಲಿಲ್ಲ. ಒಲೆ ಮುಂದೆ ಕೂತು ನೋಡಿದೆ. ಬೆರಳು ಚಾಚಲು ಆಗುತ್ತಿರಲಿಲ್ಲ, ಅಂಗೈ ಬುಡದಿಂದ ಬಡಿಯುತ್ತಿದ್ದರು. ನಾಲ್ಕೂ ಬೆರಳು ಕಿರುಬೆರಳಿನ ಕಡೆಗೆ ವಾಲಿದ್ದವು. ಸಂತೆಯಲ್ಲಿ ಒಬ್ಬ ಕೊಡುತ್ತಿದ್ದ ಪುಡಿ ತಿಂದರೆ ಆರಾಮ ಅನ್ನುತ್ತಿದ್ದರು. ಮುಖ ದುಂಡಗಾಗಿತ್ತು. ಎಲ್ಲರೂ "ಮೈ ಹಿಡಿದಾಳ" ಅಂತ ಖುಷಿಪಟ್ಟರು. ಆ ದುಂಡು ಮುಖ ಸ್ಟೀರಾಯ್ಡ್‌ನದ್ದು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಕಡಿಮೆ ಡೋಸ್ ಮೆಥೊಟ್ರೆಕ್ಸೇಟ್ ಕೆಲಸ ಮಾಡುತ್ತೆ ಅಂತ 1985ರಲ್ಲೇ ಪ್ರಯೋಗದಿಂದ ಗೊತ್ತಾಗಿತ್ತು. 1988ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಅನುಮತಿಯೂ ಸಿಕ್ಕಿತ್ತು. ಔಷಧಿ ಇತ್ತು, ಮನೆಯಲ್ಲಿ ಡಾಕ್ಟರಿಕೆ ಓದುವ ಹುಡುಗನಿದ್ದ. ದೊಡ್ಡವ್ವನಿಗೆ ಎರಡರಿಂದಲೂ ಏನೂ ದಕ್ಕಲಿಲ್ಲ.

ಅದಕ್ಕೇ ಹೇಳುತ್ತೇನೆ, "ಬೆಳಗಿನ ಬಿಗಿತ ಎಷ್ಟು ನಿಮಿಷ?" ಅಂತ ಕೇಳಬೇಡಿ. ಯಾರೂ ಗಡಿಯಾರ ನೋಡಿಕೊಂಡು ಏಳಲ್ಲ. "ಎದ್ದ ಮೇಲೆ ರೊಟ್ಟಿ ಬಡಿಯೋಕೆ ಕೈ ಬರಬೇಕಾದ್ರೆ ಎಷ್ಟು ಹೊತ್ತಾಗುತ್ತೆ?" ಅಂತ ಕೇಳಿ. "ಬಿಸಿಲು ಅಂಗಳಕ್ಕೆ ಬರೋತನಕ ಆಗಲ್ರಿ, ಸೊಸಿನೇ ಮಾಡ್ತಾಳ" ಅಂದರೆ ನಿಮಗೆ ಉತ್ತರ ಸಿಕ್ಕಿತು. ಆಮೇಲೆ ಅವರ ಕೈಯನ್ನು ಕೈಕುಲುಕುವ ಹಾಗೆ ಹಿಡಿದು, ಬೆರಳ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿ. ಮುಖ ನೋಡುತ್ತಾ ಒತ್ತಿ. ನೋವು ಬಾಯಿಗಿಂತ ಮೊದಲು ಹುಬ್ಬಿನಲ್ಲಿ ಕಾಣುತ್ತೆ. ಅರ್ಧ ನಿಮಿಷದ ಕೆಲಸ, ಕಾಸು ಖರ್ಚಿಲ್ಲ.

ಆರ್‌ಎ ಫ್ಯಾಕ್ಟರ್ ನೋಡಿ ರೋಗ ಹೆಸರಿಸಬೇಡಿ. ಟಿಬಿಯಲ್ಲಿ, ಹೆಪಟೈಟಿಸ್ ಸಿಯಲ್ಲಿ, ವಯಸ್ಸಾದವರಲ್ಲಿ ಸುಮ್ನೆ ಪಾಸಿಟಿವ್ ಬರಬಹುದು. ನಿಜವಾದ ರೋಗಿಗಳಲ್ಲೇ ಸಾಕಷ್ಟು ಜನರಿಗೆ ನೆಗೆಟಿವ್ ಇರುತ್ತೆ. ಆ್ಯಂಟಿ-ಸಿಸಿಪಿ ಅನ್ನೋ ಇನ್ನೊಂದು ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಮಾತ್ರ ನಂಬಿಕೆ ಜಾಸ್ತಿ. ಅದು ನೆಗೆಟಿವ್ ಆದರೂ ಬಾವಿರುವ ಕೀಲನ್ನು ಬಾವಿಲ್ಲ ಅನ್ನೋಕಾಗಲ್ಲ, ಅಲ್ವಾ?

ಈಗ ನಿಮ್ಮ ಮೊದಲ ರೋಗಿ. 2006ರಲ್ಲಿ ಕಲಬುರಗಿ, ಬೀದರ್ ಕಡೆ ಚಿಕುನ್‌ಗುನ್ಯಾ ಊರೂರನ್ನೇ ಮಲಗಿಸಿದ್ದು ಹಿರಿಯರಿಗೆಲ್ಲ ನೆನಪಿದೆ. ಆ ಹೆಸರು ಬಂದದ್ದು ತಾಂಜಾನಿಯಾದ ಕಡೆಯ ಮಕೊಂಡೆ ಭಾಷೆಯಿಂದ, ಮೈ ಬಗ್ಗಿಸುವ ರೋಗ ಅಂತ ಅರ್ಥ. ಬಹಳ ಜನರ ಕೀಲುನೋವು ಕೆಲವು ವಾರ, ತಿಂಗಳಲ್ಲಿ ಇಳಿಯುತ್ತೆ. ಕೆಲವರಿಗೆ ಉಳಿದುಬಿಡುತ್ತೆ, ನೋಡಲು ಥೇಟ್ ರುಮಟಾಯ್ಡ್ ಹಾಗೆಯೇ. ಐದು ತಿಂಗಳಾದರೂ ಮಣಿಕಟ್ಟು, ಗೆಣ್ಣು ಬಾತಿವೆ ಅಂದರೆ ಇನ್ನು ಕಾಯಬಾರದು. ಎರಡೂ ಕೈ, ಎರಡೂ ಪಾದದ ಎಕ್ಸ್‌ರೇ, ಇಎಸ್‌ಆರ್, ಸಿಆರ್‌ಪಿ, ಆ್ಯಂಟಿ-ಸಿಸಿಪಿ ರಕ್ತಪರೀಕ್ಷೆ ಮಾಡಿಸಿ. ಸಿಸಿಪಿ ಪಾಸಿಟಿವ್ ಆದರೆ ಅಥವಾ ಮೂಳೆ ಅಂಚು ಸವೆದಿದ್ದರೆ ಅದು ರುಮಟಾಯ್ಡ್ ಅಂತಲೇ ನಡೆಯಿರಿ. ಎರಡೂ ಇಲ್ಲದೆ ಬಾವು ಮಾತ್ರ ಉಳಿದಿದ್ದರೂ ಡೈಕ್ಲೋಫೆನಾಕ್ ಮೇಲೆ ತಿಂಗಳುಗಟ್ಟಲೆ ಇಡಬೇಡಿ. ಪರಿಣತರೊಬ್ಬರ ಜೊತೆ ಫೋನಿನಲ್ಲಾದರೂ ಮಾತಾಡಿ ಚಿಕಿತ್ಸೆ ನಿರ್ಧರಿಸಿ.

"ಮೆಥೊಟ್ರೆಕ್ಸೇಟ್ ಬರೆಯೋಕೆ ಕೈ ನಡುಗುತ್ತೆ" ಅಂದಿದ್ದೀರಿ. ಆ ಭಯ ಸ್ವಲ್ಪ ಇರಲಿ, ಒಳ್ಳೆಯದು. ಈ ಗುಳಿಗೆಯಲ್ಲಿ ಸಾವು ತರುವ ಒಂದು ದೊಡ್ಡ ತಪ್ಪಿದೆ. ವಾರಕ್ಕೊಮ್ಮೆ ತಗೊಳ್ಳಬೇಕಾದ್ದನ್ನು ದಿನಾ ತಗೊಳ್ಳೋದು. ಅಂಥ ಒಬ್ಬ ಅಜ್ಜನನ್ನು ನಾನು ನೋಡಿದ್ದೇನೆ. ಬಾಯಿತುಂಬ ಹುಣ್ಣು, ನೀರು ನುಂಗಲೂ ಆಗುತ್ತಿರಲಿಲ್ಲ, ಬಿಳಿ ರಕ್ತಕಣ ನೆಲ ಕಚ್ಚಿತ್ತು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ "ವೀಕ್ಲಿ" ಅಂತ ಬರೆದಿತ್ತು. ಮನೆಯಲ್ಲಿ ಅದನ್ನು ಓದುವವರೇ ಇರಲಿಲ್ಲ.

ಹಾಗಾಗಿ ಚೀಟಿಯಲ್ಲಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ವಾರದ ಹೆಸರು ಬರೆಯಿರಿ. ನಾನು "ಮಂಗಳವಾರ ಮೆಥೊಟ್ರೆಕ್ಸೇಟ್" ಅನ್ನುತ್ತೇನೆ. 'ಮ'ಕ್ಕೆ 'ಮ', ನೆನಪಿರುತ್ತೆ. ಉರ್ದು ಮನೆಮಾತಿನವರಿಗೂ ಅದು ಮಂಗಲ್. ಕೆಲವರು ಮಂಗಳವಾರ ಹೊಸ ಔಷಧಿ ಬೇಡ ಅನ್ನುತ್ತಾರೆ. ಆಗ ಅವರ ಊರಿನ ಸಂತೆ ದಿನ ಯಾವುದು ಕೇಳಿ, ಅದನ್ನೇ ಬರೆಯುತ್ತೇನೆ. ಸಂತೆ ವಾರಕ್ಕೆ ಒಂದೇ ಸಲ, ಗುಳಿಗೆಯೂ ವಾರಕ್ಕೆ ಒಂದೇ ಸಲ. ಮರುದಿನ ಫೋಲಿಕ್ ಆಸಿಡ್ 5 ಮಿಲಿಗ್ರಾಂ. ಮನೆಯಲ್ಲಿ ಒಂದೇ ಸ್ಟ್ರೆಂತ್‌ನ ಗುಳಿಗೆ ಇರಲಿ. 2.5 ಮತ್ತು 10 ಬೆರೆಸಿದರೆ ಎಡವಟ್ಟು ಖಂಡಿತ.

ಶುರು ಮಾಡುವ ಮುಂಚೆ ಸಿಬಿಸಿ (ರಕ್ತಕಣಗಳ ಎಣಿಕೆ), ಲಿವರ್ ಪರೀಕ್ಷೆ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್‌ರೇ. ಗರ್ಭಿಣಿಯರಿಗೆ ಕೊಡಲೇಬಾರದು. ಮಗು ಬೇಕು ಅನ್ನುವವರಿಗೂ ಬೇಡ. ಈ ವಿಷಯವನ್ನು ಗಂಡ, ಅತ್ತೆ ಎದುರಿಗಿಲ್ಲದಾಗ ಕೇಳಿ. ವಾರಕ್ಕೆ 10ರಿಂದ 15 ಮಿಲಿಗ್ರಾಂನಲ್ಲಿ ಶುರು, ತಡೆದುಕೊಂಡರೆ 20–25ರ ತನಕ. 7.5ರಲ್ಲೇ ವರ್ಷಗಟ್ಟಲೆ ನಿಲ್ಲಿಸಿ "ಕೆಲಸ ಮಾಡಲಿಲ್ಲ" ಅಂತ ಬಿಟ್ಟವರು ನಮ್ಮಲ್ಲಿ ಬಹಳ. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ನೋಡಿ, ಆಮೇಲೆ ಎರಡು–ಮೂರು ತಿಂಗಳಿಗೊಮ್ಮೆ. ಇನ್ನೊಂದು ಮಾತು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ: ಮೆಥೊಟ್ರೆಕ್ಸೇಟ್ ಮೇಲಿರುವವರಿಗೆ ಉರಿಮೂತ್ರಕ್ಕೆ ಅಂತ ಕೋಟ್ರೈಮಾಕ್ಸಜೋಲ್ ಕೊಡಬೇಡಿ. ರಕ್ತಕಣ ಹುಟ್ಟಿಸುವ ಮೂಳೆ ಮಜ್ಜೆ ಕುಸಿಯಬಹುದು. ಬಾಯಿಹುಣ್ಣು ಕಂಡರೆ ಗುಳಿಗೆ ನಿಲ್ಲಿಸಿ, ಅವತ್ತೇ ಸಿಬಿಸಿ. ರಕ್ತಕಣಗಳು ಕಡಿಮೆಯಾಗಿದ್ದರೆ ಫೋಲಿನಿಕ್ ಆಸಿಡ್ ಬೇಕು, ಫೋಲಿಕ್ ಅಲ್ಲ. ಮೆಥೊಟ್ರೆಕ್ಸೇಟ್, ಇದೇ ರೋಗಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಹಾಕಿ, ಬರದಿದ್ದರೆ ಮತ್ತೆ ಹಾಕಿ.

ಪ್ರೆಡ್ನಿಸೊಲೋನ್, ಅಂದರೆ ಸ್ಟೀರಾಯ್ಡ್, ಕೆಟ್ಟದ್ದಲ್ಲ. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಮೊದಲ ಸಲ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಹಾಸಿಗೆ ಹಿಡಿದಿದ್ದ ಹೆಣ್ಣುಮಗಳು ಕೆಲವೇ ದಿನದಲ್ಲಿ ಎದ್ದು ನಡೆದಳು. 1950ರಲ್ಲಿ ನೊಬೆಲ್ ಬಂತು. ಅಡ್ಡ ಪರಿಣಾಮಗಳೂ ಹಿಂದೆಯೇ ಬಂದವು. ಮೆಥೊಟ್ರೆಕ್ಸೇಟ್ ಕೈ ಹಿಡಿಯಲು ಆರೆಂಟು ವಾರ ಬೇಕು. ಆ ನಡುವೆ ಸ್ಟೀರಾಯ್ಡ್ ಸೇತುವೆ, ಅಷ್ಟೇ. ಸಣ್ಣ ಡೋಸ್, ಮೂರು ತಿಂಗಳೊಳಗೆ ಇಳಿಸಿ ನಿಲ್ಲಿಸುವ ಲೆಕ್ಕ. ವರ್ಷಗಟ್ಟಲೆ ಪುಡಿ ತಿಂದವರು ಬಂದರೆ ಮಾತ್ರ ಬೈದು ಒಮ್ಮೆಲೇ ನಿಲ್ಲಿಸಬೇಡಿ. ದೇಹದ ಸ್ವಂತ ಸ್ಟೀರಾಯ್ಡ್ ಮಾಡುವ ಅಡ್ರಿನಲ್ ಗ್ರಂಥಿ ಕೈಕೊಟ್ಟು ಜೀವಕ್ಕೇ ಕುತ್ತು ಬರಬಹುದು.

ಎರಡನೇ ರೋಗಿಯ ವಿಷಯ ಓದಿ ನನಗೆ ಗಾಬರಿಯಾಯಿತು. 45 ವರ್ಷದ ಕುರಿಗಾಹಿ, ಬಲಗಡೆ ಮಾತ್ರ ಸ್ಯಾಕ್ರೊಇಲಿಯಾಕ್ ಕೀಲು (ಬೆನ್ನುಮೂಳೆ ಸೊಂಟಕ್ಕೆ ಸೇರುವ ಕೀಲು) ಕೆಟ್ಟಿದೆ, ಸಂಜೆ ಸಂಜೆ ಜ್ವರ, ಬೆವರು. ಯಾರೋ ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆ ಬಿಗಿಯುವ ಬಾವುರೋಗ) ಅಂದಿದ್ದಾರೆ, ಟೋಫಾಸಿಟಿನಿಬ್ ಅನ್ನೋ ಜಾಕ್ ಇನ್ಹಿಬಿಟರ್ ಬರೆದಿದ್ದಾರೆ. ದಯವಿಟ್ಟು ಅದನ್ನು ಈಗಲೇ ತಡೆಯಿರಿ. ಸ್ಪಾಂಡಿಲೈಟಿಸ್ ಸಾಮಾನ್ಯವಾಗಿ 45ರೊಳಗೇ ಶುರುವಾಗುತ್ತೆ, ಎರಡೂ ಬದಿ ಹಿಡಿಯುತ್ತೆ. ಕುರಿ ಕಾಯುವವರಿಗೆ ಒಂದೇ ಬದಿ ಹಿಡಿದು ಜ್ವರವೂ ಇದ್ದರೆ ಮೊದಲು ನೆನಪಾಗಬೇಕಾದ್ದು ಜಾನುವಾರಿನಿಂದ ಬರುವ ಸೋಂಕು ಬ್ರುಸೆಲ್ಲೋಸಿಸ್, ಅದರ ಬೆನ್ನಿಗೇ ಟಿಬಿ. "ಹಿಂಡಿನಾಗ ಯಾವುದಾದ್ರೂ ಕಂದು ಹಾಕೇದೇನು? ಮರಿ ಹಾಕಿಸುವಾಗ ಬರಿಗೈಲಿ ಹಿಡಿದ್ರೇನು? ಹಸಿ ಹಾಲು ಕುಡಿದ್ರೇನು?" ಈ ಮೂರು ಪ್ರಶ್ನೆ ಕೇಳಿ. ರೋಸ್ ಬೆಂಗಾಲ್ ಪರೀಕ್ಷೆ, ಎಸ್‌ಎಟಿ ಟೈಟರ್, ಬ್ಲಡ್ ಕಲ್ಚರ್ ಕಳಿಸಿ. ಕಲಬುರಗಿಯ ಮೆಡಿಕಲ್ ಕಾಲೇಜುಗಳ ಮೈಕ್ರೊಬಯಾಲಜಿ ವಿಭಾಗವನ್ನು ಕೇಳಿ. ಬ್ರುಸೆಲ್ಲಾ ಅಂತ ಗೊತ್ತಾದರೆ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್, ಅಥವಾ ಡಾಕ್ಸಿಸೈಕ್ಲಿನ್ ಜೊತೆ ಮೊದಲ 7–10 ದಿನ ಮಾತ್ರ ಜೆಂಟಾಮೈಸಿನ್. ಗುಳಿಗೆಗಳು ಕನಿಷ್ಠ ಆರು ವಾರ, ಬೆನ್ನುಮೂಳೆ ಹಿಡಿದಿದ್ದರೆ ಇನ್ನೂ ಹೆಚ್ಚು. ರಿಫಾಂಪಿಸಿನ್ ಮುಟ್ಟುವ ಮೊದಲು ಟಿಬಿ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಅರೆಬರೆ ಚಿಕಿತ್ಸೆಯಾಗಿ ಟಿಬಿ ಮರೆಯಾಗುತ್ತೆ. ಕುಟುಂಬದ ಉಳಿದವರನ್ನೂ ನೋಡಿ, ಪಶುವೈದ್ಯರಿಗೂ ತಿಳಿಸಿ.

ಹಾಗೇ ಬೆನ್ನು, ಕುತ್ತಿಗೆ ಬಗ್ಗಿಸಲಾರದವರು ಬಂದರೆ ಬೋರ್‌ವೆಲ್ ನೀರಿನ ಬಗ್ಗೆಯೂ ಕೇಳಿ. ನಮ್ಮ ಭಾಗದ ಕೆಲವು ಹಳ್ಳಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಮುಂಗೈ ಎಕ್ಸ್‌ರೇಯಲ್ಲಿ ಎರಡು ಮೂಳೆಯ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಅದು ಫ್ಲೋರೋಸಿಸ್.

ಟೋಫಾಸಿಟಿನಿಬ್ ಬಗ್ಗೆ ಇನ್ನೆರಡು ಮಾತು. ಜನರಿಕ್ ಬಂದು ಬೆಲೆ ಇಳಿದಿದೆ, ಬಾಯಿಂದ ನುಂಗಬಹುದು, ಬೇಗ ಗುಣ ಕಾಣುತ್ತೆ. ಅದಕ್ಕೇ ಕೈ ತಪ್ಪುತ್ತಿದೆ. 50 ದಾಟಿದ, ಹೃದಯದ ಅಪಾಯ ಒಂದಾದರೂ ಇದ್ದ 4,362 ರೋಗಿಗಳ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ತೊಂದರೆ ಈ ಔಷಧಿಯವರಲ್ಲಿ ಶೇ 3.4, ಟಿಎನ್‌ಎಫ್ ತಡೆಯುವ ಬಯಾಲಜಿಕ್ ತಗೊಂಡವರಲ್ಲಿ ಶೇ 2.5. ಕ್ಯಾನ್ಸರ್ ಶೇ 4.2, ಆ ಕಡೆ ಶೇ 2.9. ಸರ್ಪಸುತ್ತು, ಟಿಬಿ ಭಯ ಬೇರೆ. ಎದೆಯ ಎಕ್ಸ್‌ರೇ, ಮಾಂಟೂ ಅಥವಾ ಇಗ್ರಾ (ಟಿಬಿ ಪರೀಕ್ಷೆಗಳು) ಇಲ್ಲದೆ ಇದನ್ನು ಯಾರೂ ಬರೆಯಬಾರದು. ಬೀಡಿ ಸೇದುವ ಅಜ್ಜನಿಗೆ ಬೇರೆ ದಾರಿ ಇರುವಾಗ ಬರೆಯಲೇಬಾರದು. ಮೆಥೊಟ್ರೆಕ್ಸೇಟ್ ಪೂರ್ತಿ ಡೋಸ್‌ನಲ್ಲಿ ಸೋತ ಮೇಲೆ, ಪರಿಣತರು ನೋಡಿ ಹೇಳಿದರೆ ಮಾತ್ರ ಇದರ ಮಾತು.

ಕಾರ್-ಟಿ ಬಗ್ಗೆ ಓದಿದ್ದು ವ್ಯರ್ಥ ಅಂದುಕೊಳ್ಳಬೇಡಿ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಲೂಪಸ್‌ನ (ರಕ್ಷಣಾ ವ್ಯವಸ್ಥೆಯೇ ದೇಹದ ಹಲವು ಅಂಗಗಳ ಮೇಲೆ ಬೀಳುವ ರೋಗ) ಎಂಟು ರೋಗಿಗಳು ಕಾರ್-ಟಿ ಪಡೆದು, ಆ ವ್ಯವಸ್ಥೆ ತಗ್ಗಿಸುವ ಎಲ್ಲಾ ಔಷಧಿ ಬಿಟ್ಟೂ ಆರಾಮಾಗಿದ್ದಾರೆ ಅಂತ 2024ರ ವರದಿ ಹೇಳಿದಾಗ ನನ್ನ ಕಣ್ಣು ತುಂಬಿತ್ತು. ಲೂಪಸ್‌ನಿಂದ ಕಿಡ್ನಿ ಕಳೆದುಕೊಂಡ ಹುಡುಗಿಯರನ್ನು ಕಂಡವರಿಗೆ ಅದು ಸಣ್ಣ ಸುದ್ದಿಯಲ್ಲ. ಆದರೆ ಅಂಥ ಹುಡುಗಿಗೂ ಮೊದಲು ಯಾರೋ ಒಬ್ಬರು ಮೂತ್ರದಲ್ಲಿ ಪ್ರೋಟೀನ್ ನೋಡಬೇಕಲ್ಲ. ಅದು ನಿಮ್ಮ ಓಪಿಡಿಯಲ್ಲೇ ಆಗುವ ಪರೀಕ್ಷೆ.

ಮುಂದಿನ ಸಂಚಿಕೆಯಿಂದ ತಾಲ್ಲೂಕು ವೈದ್ಯರಿಗೆ ಅಂತಲೇ ಎರಡು ಪುಟ ಮೀಸಲಿಡುತ್ತೇವೆ. ಮೊದಲ ಬರಹ ನಿಮ್ಮದಾಗಲಿ. ಆ ಹೆಣ್ಣುಮಗಳ ಬಾತ ಕೀಲುಗಳನ್ನು ಇವತ್ತು ಎಣಿಸಿ, ಸಂಖ್ಯೆ ಬರೆದಿಡಿ. ಮೂರು ತಿಂಗಳಿಗೆ ಮತ್ತೆ ಎಣಿಸಿ. ಎರಡೂ ಸಂಖ್ಯೆ ಕಳಿಸಿ. ಜೊತೆಗೆ, ಅವರ ಮನೆಯಲ್ಲಿ ಆಗ ರೊಟ್ಟಿ ಯಾರು ಬಡಿಯುತ್ತಿದ್ದಾರೆ ಅಂತಲೂ ಬರೆಯಿರಿ.

— ಸಂಪಾದಕ, ಕಲಬುರಗಿ