ಒಬ್ಬ ಗುಮಾಸ್ತನ ತಲೆಗೆ ಅಷ್ಟೊಂದು ಬೆಲೆ ಏಕೆ?

(ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅವರ ತಕರಾರು ಎರಡು. ಗೋಡೆಯ ಮೇಲೆ ಕೂತು ಜನರನ್ನು ಕಾಯುವ ಟೆಲಿಸ್ಕ್ರೀನ್‌ನಂಥದ್ದು ಈಗ ಎಲ್ಲರ ಜೇಬಿನಲ್ಲೇ ಇರುವಾಗ ಕಾದಂಬರಿ ಹಳತಾಯಿತಲ್ಲವೇ ಎಂಬುದು ಒಂದು. ದೇಶವನ್ನಾಳುವ ಅಷ್ಟು ಬಲಿಷ್ಠ ಪಕ್ಷ ವಿನ್‌ಸ್ಟನ್ ಸ್ಮಿತ್‌ನಂಥ ಬಡಕಲು ಗುಮಾಸ್ತನನ್ನು ಗುಂಡಿಕ್ಕಿ ಮುಗಿಸುವುದು ಬಿಟ್ಟು, ಎರಡು ಎರಡು ಸೇರಿದರೆ ಐದು ಎಂದು ಒಪ್ಪಿಸಲು ಹೆಣಗುವುದು ನಂಬುವ ಹಾಗಿಲ್ಲ ಎಂಬುದು ಇನ್ನೊಂದು. ತಮ್ಮ ಓದುಗರ ಬಳಗದಲ್ಲಿ ಈ ಕೃತಿಯನ್ನು ಚರ್ಚೆಗೆ ಇಡಲಿದ್ದು, ಎಲ್ಲಿಂದ ಶುರು ಮಾಡಬೇಕೆಂದೂ ಕೇಳಿದ್ದಾರೆ.)

ಪ್ರಿಯರೇ,

ನಿಮ್ಮ ಎರಡನೇ ತಕರಾರು ಕಾದಂಬರಿಯ ಬುಡಕ್ಕೇ ಕೈಹಾಕಿದೆ. ಅದಕ್ಕೆ ಹೆಚ್ಚು ಜಾಗ ಬೇಕು. ಹಾಗಾಗಿ ಮೊದಲನೆಯದನ್ನು ಬೇಗ ಮುಗಿಸುತ್ತೇನೆ.

ಟೆಲಿಸ್ಕ್ರೀನ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಚರ್ಚೆಗಳಲ್ಲಿ ಅದರದೇ ಮಾತು. ಆದರೆ ಕಾದಂಬರಿಯ ದೇಶವಾದ ಓಷಿಯಾನಿಯಾದ ಜನಸಂಖ್ಯೆಯಲ್ಲಿ ಶೇ. 85ರಷ್ಟಿರುವ ಪ್ರೋಲ್‌ಗಳ, ಅಂದರೆ ಪಕ್ಷದ ಹೊರಗಿರುವ ದುಡಿಯುವ ಜನರ ಮನೆಗಳನ್ನು ನೋಡಿ. ಬಹುಪಾಲು ಮನೆಗಳಲ್ಲಿ ಟೆಲಿಸ್ಕ್ರೀನೇ ಇಲ್ಲ. ಪಕ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ತನ್ನ ಸದಸ್ಯರನ್ನೇ. ಏಕೆಂದರೆ ದಾಖಲೆಗಳನ್ನು ತಿದ್ದುವವರು ಅವರು. ಕೈಯಾರೆ ಸುಳ್ಳು ಬರೆದವನಿಗೆ ಅದು ಸುಳ್ಳೆಂದು ಊರಿಗೆಲ್ಲ ಮೊದಲು ಗೊತ್ತಿರುತ್ತದೆ. ಎಲ್ಲರನ್ನೂ ಎಲ್ಲೆಡೆ ನೋಡುವ ಯಂತ್ರದ ಕಥೆ ಎಂದು ಓದಿದರೆ ಈ ಅಂಶ ಕೈತಪ್ಪಿಹೋಗುತ್ತದೆ.

ವಿನ್‌ಸ್ಟನ್‌ನ ಕೆಲಸವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಆ ವರ್ಷ ಚಾಕೊಲೆಟ್ ಪಡಿತರ ಇಳಿಸುವುದಿಲ್ಲ ಎಂದು ಸರ್ಕಾರ ಮಾತು ಕೊಟ್ಟಿರುತ್ತದೆ. ಈಗ ಅದು 30 ಗ್ರಾಂನಿಂದ 20 ಗ್ರಾಂಗೆ ಇಳಿಯಬೇಕಾಗಿದೆ. ಕೊಳವೆಯಲ್ಲಿ ಚೀಟಿಯೊಂದು ಬರುತ್ತದೆ. ಅವನು ಹಳೆಯ ಪತ್ರಿಕೆಯಲ್ಲಿದ್ದ ಭರವಸೆಯನ್ನು ತೆಗೆದು, ಏಪ್ರಿಲ್‌ನಲ್ಲಿ ಪಡಿತರ ಇಳಿಸಬೇಕಾಗಿ ಬರಬಹುದು ಎಂಬ ಎಚ್ಚರಿಕೆಯನ್ನು ಆ ಜಾಗಕ್ಕೆ ಕೂರಿಸುತ್ತಾನೆ. ತಿದ್ದಿದ ಪ್ರತಿ ಮುದ್ರಣಕ್ಕೆ ಹೋಗುತ್ತದೆ. ಚೀಟಿ ಗೋಡೆಯ ಬಿಲದೊಳಗೆ ಬಿದ್ದು ಕುಲುಮೆ ಸೇರುತ್ತದೆ. ಅಬ್ಬರವಿಲ್ಲ, ಭಾಷಣವಿಲ್ಲ, ಕಚೇರಿ ಕೆಲಸ ಅಷ್ಟೇ. ಇಳಿಕೆಯ ಪ್ರಕಟಣೆ ಹೊರಬಿದ್ದ ಮರುದಿನವೇ, ಪಡಿತರವನ್ನು 20 ಗ್ರಾಂಗೆ ‘ಏರಿಸಿದ್ದಕ್ಕೆ’ ಪಕ್ಷದ ನಾಯಕ ಬಿಗ್ ಬ್ರದರ್‌ಗೆ ಕೃತಜ್ಞತೆ ಹೇಳಿ ಜನ ಮೆರವಣಿಗೆ ತೆಗೆದರೆಂದು ಟೆಲಿಸ್ಕ್ರೀನ್ ಸಾರುತ್ತದೆ. ಕ್ಯಾಂಟೀನಿನಲ್ಲಿ ಪಕ್ಕದಲ್ಲೇ ಕೂತ ಪಾರ್ಸನ್ಸ್ ಅದನ್ನು ಸಲೀಸಾಗಿ ನುಂಗಿಕೊಳ್ಳುತ್ತಾನೆ. ನಿನ್ನೆಯದು ನೆನಪಿರುವವನು ನಾನೊಬ್ಬನೇ ಏನು ಎಂದು ವಿನ್‌ಸ್ಟನ್‌ಗೆ ದಿಗಿಲಾಗುತ್ತದೆ.

ನನ್ನ ಮಟ್ಟಿಗೆ ಇಡೀ ಕಾದಂಬರಿಯಲ್ಲಿ ಅತ್ಯಂತ ಭಯಂಕರ ಪುಟ ಇದೇ. ಪ್ರಚಾರ ಎಂದರೆ ಜನರನ್ನು ಸುಳ್ಳು ನಂಬಿಸುವುದು ಎಂದುಕೊಳ್ಳುತ್ತೇವೆ. ಇಲ್ಲಿ ನಡೆಯುವುದು ಬೇರೆ. ಎರಡು ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡುವ ದಾರಿಯೇ ಮುಚ್ಚಿಹೋಗುತ್ತದೆ. ಹಳೆಯ ಪತ್ರಿಕೆ ಇಲ್ಲ, ಮನಸ್ಸು ಬಿಚ್ಚಿ ಕೇಳಲು ಇನ್ನೊಬ್ಬ ಮನುಷ್ಯ ಇಲ್ಲ. ಉಳಿಯುವುದು ನಿಮ್ಮ ನೆನಪು ಮಾತ್ರ, ಅದರ ಮೇಲೂ ನಿಮಗೇ ಅನುಮಾನ.

ಆರ್ವೆಲ್ ಇದನ್ನು ಗಾಳಿಯಿಂದ ಹಿಡಿದು ತಂದದ್ದಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿ, 1937ರಲ್ಲಿ ಗಂಟಲಿಗೆ ಗುಂಡೇಟು ತಿಂದು ಬದುಕಿದವರು ಅವರು. ನಡೆಯದೇ ಇದ್ದ ಕಾಳಗಗಳ ವರ್ಣನೆ ಪತ್ರಿಕೆಗಳಲ್ಲಿ ಬಂದದ್ದನ್ನು, ಜೊತೆಗೆ ಕಾದಾಡಿದವರನ್ನೇ ದ್ರೋಹಿಗಳೆಂದು ಬರೆದದ್ದನ್ನು ಕಣ್ಣಾರೆ ಕಂಡರು. ಮುಂದೆ 1941ರಿಂದ 1943ರವರೆಗೆ ಬಿಬಿಸಿಯ ಪೂರ್ವ ವಿಭಾಗದಲ್ಲಿ ಯುದ್ಧಕಾಲದ ಪ್ರಸಾರದ ಕೆಲಸ ಮಾಡಿದರು.

ಈಗ ನಿಮ್ಮ ಎರಡನೇ ತಕರಾರು. ಅದಕ್ಕೆ ಉತ್ತರಿಸುವ ಮೊದಲು ನಿಜವಾಗಿ ನಡೆದ ಸಂಗತಿಯೊಂದನ್ನು ನೋಡೋಣ. 1936ರ ಆಗಸ್ಟ್‌ನಲ್ಲಿ ಮಾಸ್ಕೋದಲ್ಲಿ 16 ಮಂದಿಯ ಬಹಿರಂಗ ವಿಚಾರಣೆ ನಡೆಯಿತು. ಅವರಲ್ಲೊಬ್ಬ, ತಾನು 1932ರಲ್ಲಿ ಕೋಪನ್‌ಹೇಗನ್‌ನ ಹೋಟೆಲ್ ಬ್ರಿಸ್ಟಲ್‌ನಲ್ಲಿ ಸ್ಟಾಲಿನ್ ಗಡೀಪಾರು ಮಾಡಿದ್ದ ಎದುರಾಳಿ ಟ್ರಾಟ್‌ಸ್ಕಿಯ ಮಗನನ್ನು ಭೇಟಿಯಾಗಿದ್ದೆ ಎಂದು ತಪ್ಪೊಪ್ಪಿಕೊಂಡ. ಆ ಹೋಟೆಲನ್ನು 1917ರಲ್ಲೇ ಕೆಡವಿದ್ದರು. ಡೆನ್ಮಾರ್ಕ್‌ನ ಪತ್ರಿಕೆಯೊಂದು ಇದನ್ನು ಹೊರಹಾಕುವಷ್ಟರಲ್ಲಿ 16 ಮಂದಿಯನ್ನೂ ಗುಂಡಿಕ್ಕಿ ಕೊಂದಾಗಿತ್ತು. ಆದರೂ ಸುಳ್ಳು ಬಯಲಾಯಿತು, ಏಕೆಂದರೆ ಮಾಸ್ಕೋದ ಕೈಗೆಟುಕದ ಊರೊಂದರಲ್ಲಿ ದಾಖಲೆ ಉಳಿದಿತ್ತು. ಕಾದಂಬರಿಯಲ್ಲೂ ಇದಕ್ಕೆ ಹತ್ತಿರದ ಪ್ರಸಂಗವಿದೆ. ಜೋನ್ಸ್, ಆರನ್ಸನ್, ರುದರ್‌ಫೋರ್ಡ್ ಎಂಬ ಮೂವರು, ಇಂಥ ದಿನ ಶತ್ರುನೆಲದಲ್ಲಿದ್ದೆವು ಎಂದು ಒಪ್ಪಿಕೊಂಡಿದ್ದಾರೆ. ಅದೇ ದಿನ ಅವರು ನ್ಯೂಯಾರ್ಕ್‌ನಲ್ಲಿದ್ದ ಫೋಟೊ ವಿನ್‌ಸ್ಟನ್ ಕೈಗೆ ಸಿಗುತ್ತದೆ. ಆದರೆ ಅವನ ಲೋಕದಲ್ಲಿ ಕೋಪನ್‌ಹೇಗನ್ ಇಲ್ಲ. ಮೂರು ಮಹಾರಾಜ್ಯಗಳು, ಮೂರರಲ್ಲೂ ಒಂದೇ ಬಗೆಯ ಆಳ್ವಿಕೆ. ಹೊರಗೆ ಎಲ್ಲೂ ಪ್ರತಿ ಉಳಿಯುವುದಿಲ್ಲ. ಅವನೂ ಹೆದರಿ ಆ ಫೋಟೊವನ್ನು ಬಿಲಕ್ಕೆ ಹಾಕುತ್ತಾನೆ.

ವಿನ್‌ಸ್ಟನ್ ಸೆರೆಸಿಕ್ಕ ಮೇಲೆ ಹಿಂಸೆಯ ಕೋಣೆಯಲ್ಲಿ ಪಕ್ಷದ ಹಿರಿಯ ಅಧಿಕಾರಿ ಓಬ್ರಿಯನ್ ಅದೇ ಫೋಟೊದ ಇನ್ನೊಂದು ಪ್ರತಿಯನ್ನು ತೋರಿಸಿ, ಸುಟ್ಟು, ಇಂಥದ್ದು ಇರಲೇ ಇಲ್ಲ ಎನ್ನುತ್ತಾನೆ. ನನಗೆ ನೆನಪಿದೆ, ನಿನಗೂ ನೆನಪಿದೆ ಎಂದು ವಿನ್‌ಸ್ಟನ್ ಗೋಗರೆಯುತ್ತಾನೆ. ನನಗಂತೂ ನೆನಪಿಲ್ಲ ಎನ್ನುತ್ತಾನೆ ಓಬ್ರಿಯನ್. ನಿಮ್ಮ ಪ್ರಶ್ನೆಗೆ ಉತ್ತರ ಈ ಜಾಗದಲ್ಲಿದೆ. ಕಾಗದವೆಲ್ಲ ಸುಟ್ಟ ಮೇಲೂ ತಿದ್ದದೆ ಉಳಿದ ಒಂದು ದಾಖಲೆ ವಿನ್‌ಸ್ಟನ್‌ನ ತಲೆ. ಅವನನ್ನು ಸುಮ್ಮನೆ ಕೊಂದರೆ ಆ ದಾಖಲೆ ತಿದ್ದುಪಡಿಯಾಗದೆ ಮುಗಿಯುತ್ತದೆ, ಅಂದರೆ ಅವನು ಸರಿಯಾಗಿದ್ದುಕೊಂಡೇ ಸಾಯುತ್ತಾನೆ. ಓಬ್ರಿಯನ್ ಇದನ್ನು ಬಾಯಿಬಿಟ್ಟೇ ಹೇಳುತ್ತಾನೆ: ಮತದ್ರೋಹಿಗಳನ್ನು ಸುಟ್ಟ ಹಳೆಯ ಧರ್ಮಾಧಿಕಾರಿಗಳು ಹುತಾತ್ಮರನ್ನು ಹುಟ್ಟಿಸಿದರು, ನಾವು ಮೊದಲು ಮಿದುಳನ್ನು ಸರಿಪಡಿಸುತ್ತೇವೆ, ಆಮೇಲೆ ಗುಂಡು ಹಾರಿಸುತ್ತೇವೆ.

ಅಧಿಕಾರ ಬೇಕಿರುವುದು ಅಧಿಕಾರಕ್ಕಾಗಿಯೇ ಎಂಬ ಅವನ ಮಾತನ್ನು ನೀವು ಅಸಹಜ ಎನ್ನಬಹುದು. ನಾನೂ ಅದನ್ನು ಪೂರ್ತಿ ನಂಬುವುದಿಲ್ಲ. ಒಬ್ಬ ಗುಮಾಸ್ತನನ್ನು 7 ವರ್ಷ ಗಮನಿಸಿದ್ದೇನೆ ಎನ್ನುವವನ ಹಿಂದೆ ನನಗೆ ಕಾಣುವುದು ಭಯ.

ಹಾಗೆ ಭಯಪಟ್ಟ ಪ್ರಭುತ್ವ ಎಷ್ಟು ಸಣ್ಣ ಕೆಲಸಕ್ಕೂ ಇಳಿಯುತ್ತದೆ ಎನ್ನುವುದಕ್ಕೆ ಆರ್ವೆಲ್ ತೀರಿಕೊಂಡ (1950) ಮೇಲೆ ನಡೆದ ಸಂಗತಿಯೊಂದಿದೆ. ಸೋವಿಯತ್ ಗುಪ್ತಪೊಲೀಸರ ಮುಖ್ಯಸ್ಥನಾಗಿದ್ದ ಬೆರಿಯಾನನ್ನು 1953ರಲ್ಲಿ ಬಂಧಿಸಿ ಕೊಂದರು. ಆಗ ಸೋವಿಯತ್ ಮಹಾವಿಶ್ವಕೋಶದ ಚಂದಾದಾರರಿಗೆ ಹೊಸ ಹಾಳೆಗಳು ಬಂದವು. ಬೆರಿಯಾನ ಮೇಲಿನ ಲೇಖನದ ಪುಟಗಳನ್ನು ಕತ್ತರಿಸಿ ತೆಗೆದು, ಬೇರಿಂಗ್ ಸಮುದ್ರ ಮುಂತಾದ ವಿಷಯಗಳಿರುವ ಈ ಹಾಳೆಗಳನ್ನು ಅಂಟಿಸಿಕೊಳ್ಳಬೇಕೆಂಬ ಸೂಚನೆ ಜೊತೆಗಿತ್ತು. ಕತ್ತರಿ ಓದುಗನ ಕೈಗೇ ಬಂದಿತ್ತು.

ನಿಮ್ಮ ಬಳಗದವರಲ್ಲಿ ಹೆಚ್ಚಿನವರು, ವಿನ್‌ಸ್ಟನ್ ಕೊನೆಗೆ ಮುರಿದುಬೀಳುವ ಇಲಿಗಳ ಕೋಣೆಯ ಬಗ್ಗೆಯೇ ಮಾತಾಡಲು ಬಯಸಬಹುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ಭಾಗದ 4 ಮತ್ತು 5ನೇ ಅಧ್ಯಾಯಗಳನ್ನು ಒಟ್ಟಿಗೆ, ಗಟ್ಟಿಯಾಗಿ ಓದಿ. ಒಂದರಲ್ಲಿ ಸುಳ್ಳು ತಯಾರಾಗುತ್ತದೆ, ಇನ್ನೊಂದರಲ್ಲಿ ಊಟದ ಮೇಜಿಗೆ ಬರುತ್ತದೆ. ಪಾರ್ಸನ್ಸ್‌ನನ್ನು ಮಂಕನೆಂದು ಬದಿಗೆ ಸರಿಸುವವರಿದ್ದರೆ ಬಿಡಬೇಡಿ. ಮಗಳೇ ದೂರು ಕೊಟ್ಟು ಅವನನ್ನು ಸೆರೆಗೆ ಹಾಕಿಸಿದಾಗ, ಆ ಮಗಳ ಬಗ್ಗೆ ಅವನು ಹೆಮ್ಮೆಪಡುವ ಮಾತನ್ನೂ ಚರ್ಚೆಗೆ ತನ್ನಿ. ಬಳಗದವರು ಏನೆಂದರು ಎಂದು ಬರೆದು ಕಳಿಸಿದರೆ ಪ್ರಕಟಿಸುತ್ತೇವೆ.

– ಸಂ.