ಮಾದಕ ವ್ಯಸನದಿಂದ ಚೇತರಿಸಿಕೊಳ್ಳುತ್ತಿರುವ ವಿದ್ಯಾರ್ಥಿಗಳಿಗಾಗಿ ಕೊಡಗಿನ ನಮ್ಮ ಕಾಲೇಜಿನಲ್ಲಿ ವಾಟ್ಸ್‌ಆ್ಯಪ್ ಗುಂಪು ಮಾಡಬಹುದೇ?

ಗುಂಪು ಬೇಡ. ಒಬ್ಬ ವಿದ್ಯಾರ್ಥಿ, ಅವನು ನಂಬುವ ಒಬ್ಬ ಹಿರಿಯರು, ಇಬ್ಬರ ನಡುವಿನ ಸಂದೇಶಗಳೇ ಮೇಲು. ಮಡಿಕೇರಿ, ವಿರಾಜಪೇಟೆಯಂತಹ ಊರುಗಳಲ್ಲಿ ಎಲ್ಲರಿಗೂ ಎಲ್ಲರ ಮನೆತನ ಗೊತ್ತು. ಗುಂಪಿನಲ್ಲಿ ಒಬ್ಬರ ಸಂಖ್ಯೆ ಉಳಿದವರಿಗೆ ಕಾಣುತ್ತದೆ. ಹುಡುಗನ ಸುದ್ದಿ ಐನ್‌ಮನೆಯವರೆಗೆ (ಕೊಡವ ಕುಟುಂಬದ ಮೂಲಮನೆ) ತಲುಪಲು ಒಂದು ಸ್ಕ್ರೀನ್‌ಶಾಟ್ ಸಾಕು. ಸಂದೇಶ 24 ಗಂಟೆಗಳಲ್ಲಿ ತಾನಾಗಿ ಅಳಿಯುವಂತೆ ಮಾಡಿದರೂ ಈ ಅಪಾಯ ತಪ್ಪುವುದಿಲ್ಲ. ಮಾದಕ ವಸ್ತು ಮಾರುವವನ ಸಂಖ್ಯೆಯೂ ಅದೇ ಮೊಬೈಲಿನಲ್ಲಿರುತ್ತದೆ. ಮೊದಲು ಅದನ್ನು ಅವನ ಕೈಯಿಂದಲೇ ಅಳಿಸಿಸಿ.

ಸಂದೇಶ ನಿಜವಾಗಿ ಕೆಲಸಕ್ಕೆ ಬರುವುದು ಮತ್ತೆ ಬಳಸಬೇಕೆಂಬ ಸೆಳೆತ ಹೆಚ್ಚಾದ ಹೊತ್ತಿನಲ್ಲಿ. ಅದು ಅಲೆಯಂತೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಅವನ ಜೊತೆಗಿರುವುದೇ ನಿಮ್ಮ ಕೆಲಸ. "ಎಲ್ಲಿದ್ದೀಯ? ಊಟ ಆಯಿತೇ? ನಡೆದುಕೊಂಡು ಬಾ, ನಾನು ಕಾಯುತ್ತೇನೆ" ಎಂಬಷ್ಟೇ ಸಾಕು, ಉಪದೇಶ ಬೇಡ. "ಮತ್ತೆ ಬಳಸಿಬಿಟ್ಟೆ" ಎಂದು ಬರೆದರೆ ದಯವಿಟ್ಟು ಬೈಯಬೇಡಿ. ಬೈದರೆ ಮುಂದಿನ ಸಲ ಅವನು ಬರೆಯುವುದೇ ಇಲ್ಲ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋಗುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಎದುರುಬದುರು ಕುಳಿತು ಮಾತನಾಡುವುದನ್ನು ತಪ್ಪಿಸಬೇಡಿ.

ಇದು ಚಿಕಿತ್ಸೆಗೆ ಬದಲಿಯಲ್ಲ. ವ್ಯಸನಮುಕ್ತಿಗೆ 14446, ಮಾನಸಿಕ ನೆರವಿಗೆ ಟೆಲಿ ಮನಸ್ 14416 ಉಚಿತ ಸಹಾಯವಾಣಿಗಳಿವೆ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ಷರತ್ತುಬದ್ಧ ರಕ್ಷಣೆ ಕೊಡುತ್ತದೆ. ಹೆದರಿದ ಪೋಷಕರಿಗೆ ಇದನ್ನು ತಿಳಿಸಿ. ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅಥವಾ ಅವನು ಸಾಯುವ ಮಾತನಾಡಿದರೆ ಸಂದೇಶ ಬರೆಯುತ್ತ ಕೂರದೆ 108ಕ್ಕೆ ಕರೆ ಮಾಡಿ.