ಎಲ್ಲರೂ ನಕ್ಕರು, ಮದುಮಗಳು?

ಪ್ರಿಯ ಮಿತ್ರರೇ,

ನಿಮ್ಮ ಕಥೆ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬಿಸಾಡುವುದಕ್ಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಉಡುಪಿಯ ಹಾಲ್‌ನಲ್ಲಿ ಬ್ರಾಹ್ಮಣರ ಮದುವೆ. ಮದುಮಗನ ಗೆಳೆಯರು ಮಾಂತ್ರಿಕ, ಡ್ರ್ಯಾಗನ್ ವೇಷ ಹಾಕಿ ಮಂಟಪಕ್ಕೆ ನುಗ್ಗುತ್ತಾರೆ. ಕರಿಮಣಿ ಎತ್ತಿಕೊಂಡು, ಮೂರು ಒಗಟು ಬಿಡಿಸಿದರೆ ವಾಪಸ್ ಎನ್ನುತ್ತಾರೆ. ಮದುಮಗ ಬಿಡಿಸುತ್ತಾನೆ. ಎಲ್ಲರೂ ನಗುತ್ತಾರೆ. ಇಷ್ಟೇ ಅಲ್ವಾ?

ಮದುಮಗಳಿಗೆ ನೀವು ಕೊಟ್ಟಿರುವುದು ಒಂದೇ ಸಾಲು: ‘ಅವಳೂ ನಕ್ಕಳು.’ ನಾನು ನಂಬಲಿಲ್ಲ. ನಸುಕಿಗೇ ಎದ್ದು, ತಲೆ ತುಂಬ ಶಂಕರಪುರ ಮಲ್ಲಿಗೆ ಮುಡಿದು, ಹೋಮದ ಹೊಗೆಗೆ ಕಣ್ಣುರಿಸಿಕೊಂಡು ಕೂತವಳು ಅವಳು. ಕರಿಮಣಿ ಕಾಣುತ್ತಿಲ್ಲ ಎಂದ ಕೂಡಲೇ ಯಾರ ಮುಖ ನೋಡುತ್ತಾಳೆ? ಅಪ್ಪನದೋ, ಅತ್ತೆಯದೋ? ಇದು ತಮಾಷೆ ಅಂತ ಅವಳಿಗೆ ಮೊದಲೇ ಗೊತ್ತಿತ್ತಾ? ಮದುಮಗನಿಗೆ ಗೊತ್ತಿದ್ದು ಅವಳಿಗೆ ಗೊತ್ತಿಲ್ಲದಿದ್ದರೆ ಅಂದು ರಾತ್ರಿ ಏನು ಮಾತಾಗುತ್ತದೆ? ಕೀಟಲೆ ಮಾಡಿದವರ ಖುಷಿ ಎರಡು ಪುಟ ಇದೆ. ಅವರ ವಾಟ್ಸಾಪ್ ಸ್ಟೇಟಸ್‌ಗೆ ಅದು ಸಾಕು. ನನಗೆ ಬೇಕಾದ್ದು ಕೀಟಲೆಗೆ ಸಿಕ್ಕಿದವರ ಪಾಡು.

ಹೊತ್ತಿನ ವಿಷಯ. ಆಮಂತ್ರಣದಲ್ಲಿ ‘12.20ರ ಅಭಿಜಿನ್ ಸುಮುಹೂರ್ತ’ ಎಂದು ನೀವೇ ಬರೆದಿದ್ದೀರಿ. ಪುರೋಹಿತರು ಒಗಟು ಮುಗಿಯುವ ತನಕ ಕಾಯುತ್ತಾರಾ ಮಾರಾಯ್ರೇ? ಸೋದರಮಾವಂದಿರು ಡ್ರ್ಯಾಗನ್ನಿನ ಬಾಲ ಹಿಡಿದು ಹೊರಗೆ ಹಾಕುತ್ತಾರೆ. ಹಿಂದಿನ ಸಾಲಿನವರಂತೂ ಆಗಲೇ ಊಟದ ಹಾಲ್‌ನ ಬಾಗಿಲಲ್ಲಿ ನಿಂತಿರುತ್ತಾರೆ.

ಅದೇ ಕಥೆಯಲ್ಲಿ ಕಾಶಿಯಾತ್ರೆಯನ್ನು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಕೊಡೆ, ಕೋಲು ಹಿಡಿದು ಹೊರಟ ಮದುಮಗ. ಬೇಡ ಬನ್ನಿ ಎಂದು ತಡೆಯುವ ಹೆಣ್ಣಿನ ಕಡೆಯವರು. ಎಲ್ಲರೂ ಒಪ್ಪಿಕೊಂಡೇ ಆಡುವ ನಾಟಕ ಅದು. ಅಲ್ಲಿ ನಿಮ್ಮ ಮಾಂತ್ರಿಕ ಬಂದು, ‘ಕಾಶಿಗೆ ಈ ಕಡೆ’ ಎಂದು ನಿಜವಾಗಿಯೂ ಕಾರಿನ ಬಾಗಿಲು ತೆರೆದರೆ? ತೆಂಗಿನಕಾಯಿ ಹಿಡಿದ ಭಾವ ನೋಡ್ತಾ ನಿಂತಿದ್ದಾನೆ, ಕಾರು ಗೇಟು ದಾಟಿದೆ. ಇದನ್ನು ನಾನು ಓದುತ್ತೇನೆ.

ಡ್ರ್ಯಾಗನ್ ಇರಲಿ, ನನ್ನ ತಕರಾರಿಲ್ಲ. ಆದರೆ ಅದು ಮೊದಲ ಸಾಲಿನಲ್ಲೇ ಬಣ್ಣ, ರೆಕ್ಕೆ, ಹಲ್ಲು ಸಮೇತ ಬಂದು ನಿಂತಿದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಮಹಿಷಾಸುರ ಹೇಗೆ ಬರುತ್ತಾನೆ, ನೆನಪಿಸಿಕೊಳ್ಳಿ. ಮೊದಲು ಚೆಂಡೆಯ ಅಬ್ಬರ. ಪ್ರೇಕ್ಷಕರ ಹಿಂದೆ ಎಲ್ಲೋ ಒಂದು ಕೂಗು. ದೊಂದಿ ಕಾಣುತ್ತದೆ, ರಾಳದ ಬೆಂಕಿ ಭಗ್ಗೆನ್ನುತ್ತದೆ, ಮಕ್ಕಳು ಅಮ್ಮನ ಸೆರಗಿಗೆ ಮುಖ ಒತ್ತುತ್ತಾರೆ. ಕೊಂಬು ಕಾಣುವುದು ಆಮೇಲೆ. ನಿಮ್ಮ ಡ್ರ್ಯಾಗನ್ನಿಗೂ ಅಷ್ಟು ದಾರಿ ಬಿಡಿ.

ಒಬ್ಬ ಗೆಳೆಯ ಭೂತಕೋಲದ ದೈವದ ಹಾಗೆ ಕೂಗಿ ಕುಣಿಯುವ ಭಾಗ ತೆಗೆಯಿರಿ. ಅದರಲ್ಲಿ ಚರ್ಚೆಯಿಲ್ಲ. ದೈವಕ್ಕೆ ಹೇಳಿಕೊಂಡೇ ಮದುವೆ ಗೊತ್ತು ಮಾಡುವವರು ಆ ಸಭೆಯಲ್ಲಿ ಸುಮಾರು ಮಂದಿ ಇರುತ್ತಾರೆ. ನಿಮ್ಮ ಕಥೆಯಲ್ಲಿ ಅವರೆಲ್ಲ ಚಪ್ಪಾಳೆ ತಟ್ಟುತ್ತಾರೆ!

ಸಂಭಾಷಣೆ ಚೆನ್ನಾಗಿದೆ. ಅಡುಗೆ ಭಟ್ಟರ ಗೊಣಗಾಟ ಹಾಗೇ ಇರಲಿ, ಒಂದಕ್ಷರ ಮುಟ್ಟಬೇಡಿ.

ತಿದ್ದಿದ ಮೇಲೆ ಯುನಿಕೋಡ್‌ನಲ್ಲಿ ಕಳಿಸಿ. ಈ ಸಲದ ಫೈಲ್‌ನಲ್ಲಿ ಒತ್ತಕ್ಷರಗಳೆಲ್ಲ ಚದುರಿ, ಮೂರನೇ ಒಗಟು ಏನೆಂದು ನಮಗೆ ಯಾರಿಗೂ ಓದಲು ಆಗಲಿಲ್ಲ.

ಇಂತಿ,
ಸಂಪಾದಕ